ಶಸ್ತ್ರವೈದ್ಯದಲ್ಲಿ ಫಲಪರಿಶೀಲನೆ: ಒಂದು ಐತಿಹಾಸಿಕ ವಿವೇಚನೆ

ಶಸ್ತ್ರಕ್ರಿಯೆಯೊಂದು ಸಫಲವಾಯಿತೆಂದು ಹೇಳುವುದು ಯಾವಾಗ? ಶಸ್ತ್ರವೈದ್ಯನು ಕೊನೆಯ ಹೊಲಿಗೆಯನ್ನು ಹಾಕಿ ಮುಗಿಸಿದಾಗಲೋ, ರೋಗಿಯು ಆಸ್ಪತ್ರೆಯಿಂದ ಮನೆಗೆ ಹೊರಟಾಗಲೋ, ಅಥವಾ ಒಂದು ವರ್ಷ ಕಳೆದ ಮೇಲೆ ಅವನು ತನ್ನ ಹೊಲಕ್ಕೋ ಕಾರ್ಖಾನೆಗೋ ಮರಳಿ ಮುನ್ನಿನಂತೆ ದುಡಿಯತೊಡಗಿದಾಗಲೋ? ಪ್ರಶ್ನೆ ಸರಳವಾಗಿಯೇ ತೋರುತ್ತದೆ. ಆದರೆ ಇದನ್ನು ಕ್ರಮಬದ್ಧವಾಗಿ ಕೇಳಿ, ಉತ್ತರವನ್ನು ಲೆಕ್ಕದ ಮೂಲಕ ಪಡೆಯಲು ಯತ್ನಿಸಿದುದು ವೈದ್ಯಶಾಸ್ತ್ರದ ದೀರ್ಘವಾದ ಇತಿಹಾಸದಲ್ಲಿ ತೀರ ಈಚಿನ ಸಂಗತಿ. ಗಾಯಾಳುಗಳ ಹಾಗೂ ಶಸ್ತ್ರಕ್ರಿಯೆಗೆ ಒಳಗಾದ ರೋಗಿಗಳ ಗತಿಯೇನಾಯಿತೆಂಬುದನ್ನು ದಾಖಲಿಸುವ ಪದ್ಧತಿ ಹೇಗೆ ಬೆಳೆಯಿತು, ಆ ದಾಖಲೆಗಳನ್ನು ನಂಬುವ ಮುನ್ನ ಯಾವ ಯಾವ ಪ್ರಶ್ನೆಗಳನ್ನು ಕೇಳಬೇಕಾಯಿತು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ವೈದ್ಯರ ವಿಷಯದಲ್ಲಿ ಇತಿಹಾಸದ ವಿದ್ಯಾರ್ಥಿಗೇನು ಕೆಲಸವೆಂಬ ಆಕ್ಷೇಪಣೆ ಬರಬಹುದು. ಆಸ್ಪತ್ರೆಯ ದಾಖಲೆಪುಸ್ತಕವೂ ಶಾಸನದಂತೆಯೇ ಒಂದು ಸಾಕ್ಷಿ. ಅರಸರ ಪ್ರಶಸ್ತಿಗಳಲ್ಲಿ ಗೆಲವುಗಳು ಹೇರಳವಾಗಿರುತ್ತವೆ, ಸೋಲುಗಳು ಕಾಣಸಿಗುವುದು ಅಪೂರ್ವ. ಅಂತಹ ಸಾಕ್ಷಿಯನ್ನು ಬರೆಸಿದವರಾರು, ಯಾವ ಉದ್ದೇಶದಿಂದ ಬರೆಸಿದರು, ಅದರಲ್ಲಿ ಬಿಟ್ಟುಹೋದುದೇನು ಎಂದು ನಾವು ಕೇಳುತ್ತೇವೆ. ಶಸ್ತ್ರವೈದ್ಯರು ಪ್ರಕಟಿಸಿದ ಅಂಕಿಗಳ ಬಗೆಗೂ ಇದೇ ಪ್ರಶ್ನೆಗಳು ಅವಶ್ಯಕ. ರೋಗದ ಅಥವಾ ಚಿಕಿತ್ಸೆಯ ಬೆನ್ನಲ್ಲೇ ಬಂದೊದಗುವ ತೊಡಕುಗಳಿಗೆ ನಮ್ಮ ಪ್ರಾಚೀನ ವೈದ್ಯಗ್ರಂಥಗಳಲ್ಲಿ ‘ಉಪದ್ರವ’ವೆಂಬ ಹೆಸರುಂಟು. ಈ ಲೇಖನದಲ್ಲಿಯೂ ಅದೇ ಶಬ್ದವನ್ನು ಬಳಸಲಾಗಿದೆ.

೧. ಎಣಿಕೆಯ ಆರಂಭ

ಅರಿವಳಿಕೆ ಇಲ್ಲದ ಕಾಲದಲ್ಲಿ ಶಸ್ತ್ರವೈದ್ಯನ ಹಿರಿಮೆಯನ್ನು ಅಳೆಯುತ್ತಿದ್ದುದು ಮುಖ್ಯವಾಗಿ ಅವನ ಕೈಯ ವೇಗದಿಂದ. ಲಂಡನ್ನಿನ ರಾಬರ್ಟ್ ಲಿಸ್ಟನ್ ಎರಡು ಮೂರು ನಿಮಿಷಗಳೊಳಗೆ ಕಾಲನ್ನು ಕತ್ತರಿಸಿ ಮುಗಿಸುವನೆಂದು ಪ್ರಸಿದ್ಧನಾಗಿದ್ದನು. ೧೮೪೬ರ ಅಕ್ಟೋಬರ್ ೧೬ರಂದು ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಈಥರಿನ ಪ್ರಯೋಗ ಬಹಿರಂಗವಾಗಿ ನಡೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಲಿಸ್ಟನ್ನನೂ ಈಥರನ್ನು ಬಳಸಿ ಅಂಗಚ್ಛೇದವನ್ನು ಮಾಡಿದನು. ನೋವು ಹೋಯಿತು, ಸಾವು ಮಾತ್ರ ಹೋಗಲಿಲ್ಲ. ಏಕೆಂದರೆ ಬಹುಮಂದಿ ರೋಗಿಗಳು ಸಾಯುತ್ತಿದ್ದುದು ಶಸ್ತ್ರಕ್ರಿಯೆ ಮುಗಿದ ಅನೇಕ ದಿನಗಳ ಮೇಲೆ, ಗಾಯದಲ್ಲಿ ಕೀವು ತುಂಬಿ, ನಂಜು ಮೈಗೇರಿ.

ಈ ಸಾವುಗಳನ್ನು ಎಣಿಸುವ ಯೋಚನೆ ಪ್ಯಾರಿಸ್ಸಿನಲ್ಲಿ ಆಗಲೇ ಮೂಡಿತ್ತು. ಪಿಯೇರ್ ಲೂಯಿ ಎಂಬ ವೈದ್ಯನು ೧೮೩೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ರಕ್ತಮೋಕ್ಷಣದ ಫಲವನ್ನು ರೋಗಿಗಳ ಎಣಿಕೆಯಿಂದ ಪರೀಕ್ಷಿಸಿ, ಜನರು ನಂಬಿದ್ದಷ್ಟು ಪ್ರಯೋಜನ ಅದರಿಂದಿಲ್ಲವೆಂದು ತೋರಿಸಿದ್ದನು. ಅದೇ ಮಾರ್ಗವನ್ನು ಹಿಡಿದು ಜೋಸೆಫ್ ಫ್ರಾನ್ಸ್ವಾ ಮಾಲ್ಗೆನ್ ಎಂಬ ಶಸ್ತ್ರವೈದ್ಯನು ೧೮೩೬ರಿಂದ ೧೮೪೧ರವರೆಗೆ ಪ್ಯಾರಿಸ್ಸಿನ ಆಸ್ಪತ್ರೆಗಳಲ್ಲಿ ನಡೆದ ಅಂಗಚ್ಛೇದಗಳ ಫಲವನ್ನು ಸಂಗ್ರಹಿಸಿ ೧೮೪೨ರಲ್ಲಿ ಪ್ರಕಟಿಸಿದನು. ತೊಡೆಯಲ್ಲಿ ಕಾಲನ್ನು ಕತ್ತರಿಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬದುಕಿ ಉಳಿದಿರಲಿಲ್ಲ. ತಂತಮ್ಮ ಸಫಲ ಪ್ರಕರಣಗಳನ್ನು ಆರಿಸಿ ಬರೆಯುವುದು ವಾಡಿಕೆಯಾಗಿದ್ದ ಕಾಲದಲ್ಲಿ, ಒಂದು ನಗರದ ಆಸ್ಪತ್ರೆಗಳ ಪ್ರಕರಣಗಳನ್ನು ಆರಿಸದೆ ಒಟ್ಟಾಗಿ ಎಣಿಸಿದುದೇ ಈ ಲೇಖನದ ಮಹತ್ತ್ವ. ಎಣಿಕೆಯಲ್ಲಿ ಸೇರಿದವರಾರು, ಬಿಟ್ಟವರಾರು ಎಂಬ ಮೊದಲನೆಯ ಪ್ರಶ್ನೆ ಹೀಗೆ ಹುಟ್ಟಿತು.

ಪ್ರತಿಯೊಂದು ಆಸ್ಪತ್ರೆಯೂ ತನಗೆ ತೋಚಿದಂತೆ ಬರೆದಿಟ್ಟರೆ ಒಂದರ ಲೆಕ್ಕವನ್ನು ಇನ್ನೊಂದರ ಲೆಕ್ಕದೊಡನೆ ಕೂಡಿಸುವುದಾಗಲಿ ಹೋಲಿಸುವುದಾಗಲಿ ಸಾಧ್ಯವಿಲ್ಲ. ಇದನ್ನು ಮನಗಂಡ ಫ್ಲಾರೆನ್ಸ್ ನೈಟಿಂಗೇಲ್ ೧೮೬೦ರಲ್ಲಿ ಲಂಡನ್ನಿನಲ್ಲಿ ಕೂಡಿದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನದ ಮುಂದೆ, ಎಲ್ಲ ಆಸ್ಪತ್ರೆಗಳಿಗೂ ಸಮಾನವಾದ ನಮೂನೆಗಳನ್ನು ಸೂಚಿಸಿದಳು. ೧೮೬೩ರಲ್ಲಿ ಆಕೆ ಶಸ್ತ್ರಕ್ರಿಯೆಗಳಿಗೆಂದೇ ಪ್ರತ್ಯೇಕವಾದ ದಾಖಲೆಯ ಕ್ರಮವೊಂದನ್ನು ಪ್ರಸ್ತಾಪಿಸಿದಳು. ಕ್ರಿಮಿಯಾ ಯುದ್ಧದ ಸೈನಿಕ ಆಸ್ಪತ್ರೆಗಳನ್ನು ಕಂಡಿದ್ದ ಆಕೆಗೆ, ಸರಿಯಾದ ನಮೂನೆಯಿಲ್ಲದೆ ಸಾವಿನ ಕಾರಣ ತಿಳಿಯದೆಂಬುದು ಅನುಭವದಿಂದ ವೇದ್ಯವಾಗಿತ್ತು.

೨. ಸಿಂಪ್ಸನ್ನನ ಹೋಲಿಕೆ

ಕ್ಲೋರೋಫಾರಮನ್ನು ೧೮೪೭ರಲ್ಲಿ ಬಳಕೆಗೆ ತಂದ ಎಡಿನ್‌ಬರೊದ ಜೇಮ್ಸ್ ಯಂಗ್ ಸಿಂಪ್ಸನ್ ೧೮೬೯ರಲ್ಲಿ ಇನ್ನೊಂದು ಮಹತ್ತ್ವದ ವಿಚಾರವನ್ನು ಎತ್ತಿದನು. ದೊಡ್ಡ ಆಸ್ಪತ್ರೆಯೆಂಬುದೇ ರೋಗಿಯ ಪ್ರಾಣಕ್ಕೆ ಅಪಾಯವಲ್ಲವೆ ಎಂಬುದು ಅವನ ಸಂಶಯ. ಹಳ್ಳಿಗಾಡಿನಲ್ಲಿ ರೋಗಿಗಳ ಮನೆಗಳಲ್ಲಿಯೇ ಅಂಗಚ್ಛೇದಗಳನ್ನು ಮಾಡುತ್ತಿದ್ದ ವೈದ್ಯರಿಗೆ ಅವನು ಪತ್ರಗಳನ್ನು ಬರೆದು ಅವರ ಫಲಿತಾಂಶಗಳನ್ನು ತರಿಸಿಕೊಂಡನು. ಅಂತಹ ೨,೦೯೮ ಪ್ರಕರಣಗಳಲ್ಲಿ ೨೨೬ ಮಂದಿ ತೀರಿಕೊಂಡಿದ್ದರು. ಎಂದರೆ ನೂರಕ್ಕೆ ಸುಮಾರು ಹನ್ನೊಂದು. ದೊಡ್ಡ ಪಟ್ಟಣಗಳ ಆಸ್ಪತ್ರೆಗಳ ೨,೦೮೯ ಪ್ರಕರಣಗಳಲ್ಲಿ ೮೫೫ ಮಂದಿ ತೀರಿಕೊಂಡಿದ್ದರು. ಎಂದರೆ ನೂರಕ್ಕೆ ನಲವತ್ತೊಂದು.

ಅಂತರ ಭಯಂಕರವಾದುದು. ಆದರೆ ಅದರ ಅರ್ಥವೇನು? ಸಿಂಪ್ಸನ್ನನ ವಿಮರ್ಶಕರು ಎತ್ತಿದ ಆಕ್ಷೇಪಗಳು ಇಂದಿಗೂ ಮನನೀಯವಾಗಿವೆ. ರೈಲುಗಾಡಿಗೋ ಯಂತ್ರಕ್ಕೋ ಸಿಕ್ಕಿ ಜಜ್ಜಿಹೋದವರು ಪಟ್ಟಣದ ಆಸ್ಪತ್ರೆಗೆ ಬರುತ್ತಾರೆ. ಹಳ್ಳಿಯ ರೋಗಿಗಳ ಗಾಯಗಳು ಅಷ್ಟೇ ತೀವ್ರವಾಗಿದ್ದವೆಂದು ಹೇಗೆ ತಿಳಿಯುವುದು? ಪತ್ರಕ್ಕೆ ಉತ್ತರ ಬರೆದವರು ಒಳ್ಳೆಯ ಫಲವನ್ನು ಕಂಡವರೇ ಆಗಿದ್ದರೆ? ನೆನಪಿನಿಂದ ಬರೆದ ಲೆಕ್ಕದಲ್ಲಿ ಸತ್ತವರು ಮರೆತುಹೋಗಿದ್ದರೆ? ಸಮಾನರಲ್ಲದವರನ್ನು ಹೋಲಿಸಿದಾಗ ಕಾಣುವ ಅಂತರವು ಚಿಕಿತ್ಸೆಯ ಸ್ಥಳದಿಂದ ಬಂದುದೋ ರೋಗಿಗಳ ಸ್ಥಿತಿಯಿಂದ ಬಂದುದೋ ನಿರ್ಣಯವಾಗದು. ಆಸ್ಪತ್ರೆಯ ನಂಜಿನ ವಿಷಯದಲ್ಲಿ ಸಿಂಪ್ಸನ್ನನು ಹೇಳಿದುದರಲ್ಲಿ ಬಹಳಷ್ಟು ಸತ್ಯವಿತ್ತು. ಆದರೆ ಆ ಸತ್ಯವನ್ನು ಸಿದ್ಧಪಡಿಸಲು ಅವನ ಅಂಕಿಗಳು ಸಾಲುತ್ತಿರಲಿಲ್ಲ. ಯಾರನ್ನು ಯಾರೊಡನೆ ಹೋಲಿಸುವುದೆಂಬುದು ಎರಡನೆಯ ಪ್ರಶ್ನೆ.

೩. ಲಿಸ್ಟರನ ಎಪ್ಪತ್ತೈದು ರೋಗಿಗಳು

ಮುರಿದ ಮೂಳೆ ಚರ್ಮವನ್ನು ಭೇದಿಸಿ ಹೊರಬಂದ ಗಾಯ ಆ ಕಾಲದಲ್ಲಿ ಪ್ರಾಣಾಂತಿಕವೆಂದೇ ಎಣಿಕೆಯಾಗಿತ್ತು. ನಂಜೇರುವ ಮೊದಲೇ ಅಂಗವನ್ನು ಕತ್ತರಿಸುವುದು ರೂಢಿ. ಗ್ಲಾಸ್ಗೊ ರಾಯಲ್ ಇನ್ಫರ್ಮರಿಯ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್, ಕೊಳೆಯುವಿಕೆಗೆ ಸೂಕ್ಷ್ಮಜೀವಿಗಳೇ ಕಾರಣವೆಂಬ ಪಾಸ್ತರನ ಶೋಧನೆಯನ್ನು ಓದಿ, ೧೮೬೫ರ ಆಗಸ್ಟಿನಲ್ಲಿ ಗಾಡಿಯ ಚಕ್ರಕ್ಕೆ ಸಿಕ್ಕಿ ಕಾಲು ಮುರಿದಿದ್ದ ಹನ್ನೊಂದು ವರ್ಷದ ಹುಡುಗನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಪಟ್ಟಿಯನ್ನು ಕಟ್ಟಿದನು. ಗಾಯ ಕೀವುಗೂಡದೆ ಮಾಯಿತು, ಮೂಳೆ ಕೂಡಿಕೊಂಡಿತು. ಇಂತಹ ಹನ್ನೊಂದು ಪ್ರಕರಣಗಳ ವೃತ್ತಾಂತವನ್ನು ಅವನು ೧೮೬೭ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದನು.

೧೮೭೦ರಲ್ಲಿ ಅವನು ತನ್ನ ವಾರ್ಡುಗಳಲ್ಲಿ ನಡೆದ ಅಂಗಚ್ಛೇದಗಳ ಲೆಕ್ಕವನ್ನು ಮುಂದಿಟ್ಟನು. ಹೊಸ ಪದ್ಧತಿಗೆ ಹಿಂದಿನ ೧೮೬೪ ಮತ್ತು ೧೮೬೬ರಲ್ಲಿ ೩೫ ಪ್ರಕರಣಗಳು, ೧೬ ಸಾವುಗಳು. ಹೊಸ ಪದ್ಧತಿಯನ್ನು ಅನುಸರಿಸಿದ ೧೮೬೭, ೧೮೬೮ ಮತ್ತು ೧೮೬೯ರಲ್ಲಿ ೪೦ ಪ್ರಕರಣಗಳು, ೬ ಸಾವುಗಳು. ನೂರಕ್ಕೆ ನಲವತ್ತಾರರಷ್ಟಿದ್ದ ಸಾವು ಹದಿನೈದಕ್ಕೆ ಇಳಿದಿತ್ತು. ಇಲ್ಲಿ ವಿಶೇಷವಾಗಿ ಗಮನಿಸಬೇಕಾದುದೇನೆಂದರೆ, ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ತೃಪ್ತಿಕರವಾದ ಹೋಲಿಕೆಗೆ ಈ ಸಂಖ್ಯೆಗಳು ತೀರ ಚಿಕ್ಕವೆಂದು ಲಿಸ್ಟರನೇ ಒಪ್ಪಿಕೊಂಡಿದ್ದನು. ಇಂದಿನ ರೀತಿಯಲ್ಲಿ ಗಣಿಸಿ ನೋಡಿದರೆ, ಎರಡು ಅವಧಿಗಳಲ್ಲಿಯೂ ಅಪಾಯ ಒಂದೇ ಆಗಿದ್ದು ಇಷ್ಟು ದೊಡ್ಡ ಅಂತರ ಕೇವಲ ಆಕಸ್ಮಿಕವಾಗಿ ಕಾಣಿಸಿಕೊಳ್ಳುವ ಸಂಭವ ನೂರರಲ್ಲಿ ಒಂದಕ್ಕಿಂತ ಕಡಿಮೆ. ಆದುದರಿಂದ ಅಂತರ ನಿಜವಾದುದೇ. ಆದರೂ ಅಂತರ ನಿಜವೆಂದ ಮಾತ್ರಕ್ಕೆ ಕಾರಣ ಸಿದ್ಧವಾಗುವುದಿಲ್ಲ. ಮೊದಲಿನ ವರ್ಷಗಳಿಗೂ ಅನಂತರದ ವರ್ಷಗಳಿಗೂ ನಡುವೆ ಪಟ್ಟಿಯೊಂದೇ ಅಲ್ಲದೆ ಬೇರೆ ಸಂಗತಿಗಳೂ ಬದಲಾಗಿರಬಹುದು. ಲಿಸ್ಟರನ ಪಕ್ಷಕ್ಕೆ ಬಲ ಬಂದುದು ಅಂಕಿಗಳ ಜೊತೆಗೆ ಅವನು ಕೊಟ್ಟ ಕಾರಣವಿವರಣೆಯಿಂದ ಮತ್ತು ಇತರ ದೇಶಗಳ ಶಸ್ತ್ರವೈದ್ಯರು ಅದೇ ಫಲವನ್ನು ತಾವೂ ಕಂಡುದರಿಂದ.

೪. ಕಾಡ್ಮನ್ನನ ಚೀಟಿ

ಇಪ್ಪತ್ತನೆಯ ಶತಮಾನದ ಆರಂಭಕ್ಕೆ ನಂಜಿನ ಭಯ ಬಹುಮಟ್ಟಿಗೆ ತಗ್ಗಿ, ಹೊಟ್ಟೆ, ಎದೆ, ತಲೆಗಳ ಒಳಗೂ ಶಸ್ತ್ರ ಪ್ರವೇಶಿಸತೊಡಗಿತು. ಆಗ ರೋಗಿ ಬದುಕಿದನೇ ಸತ್ತನೇ ಎಂಬ ಒಂದೇ ಪ್ರಶ್ನೆ ಸಾಲದಾಯಿತು. ಬದುಕಿದವನು ಗುಣಮುಖನಾದನೇ? ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಅಮೋರಿ ಕಾಡ್ಮನ್ ಕೇಳಿದುದು ಇದನ್ನೇ. ಪ್ರತಿಯೊಬ್ಬ ರೋಗಿಗೂ ಒಂದು ಚೀಟಿಯಿರಬೇಕು. ಅವನ ದೂರು, ರೋಗನಿರ್ಣಯ, ಚಿಕಿತ್ಸೆ, ಉಪದ್ರವಗಳನ್ನು ಅದರಲ್ಲಿ ಬರೆಯಬೇಕು. ಒಂದು ವರ್ಷದ ಮೇಲೆ ಅವನನ್ನು ಮತ್ತೆ ಕಂಡು ಅಂತಿಮ ಫಲವನ್ನು ದಾಖಲಿಸಬೇಕು. ಚಿಕಿತ್ಸೆ ವಿಫಲವಾಗಿದ್ದರೆ ಕಾರಣವನ್ನು ಹುಡುಕಬೇಕು. ಇದು ಅವನ ಸೂಚನೆ.

ತಾನು ಸ್ಥಾಪಿಸಿದ ಚಿಕ್ಕ ಆಸ್ಪತ್ರೆಯಲ್ಲಿ ಅವನು ಇದನ್ನು ಆಚರಣೆಗೆ ತಂದನು. ೧೯೧೧ರಿಂದ ೧೯೧೬ರವರೆಗೆ ಅಲ್ಲಿಂದ ಹೊರಟ ೩೩೭ ರೋಗಿಗಳ ಚಿಕಿತ್ಸೆಯಲ್ಲಿ ೧೨೩ ತಪ್ಪುಗಳನ್ನು ಅವನೇ ಗುರುತಿಸಿ ಅಚ್ಚು ಹಾಕಿಸಿದನು. ಜ್ಞಾನದ ಅಥವಾ ಕೌಶಲದ ಕೊರತೆ, ವಿವೇಚನೆಯ ದೋಷ, ಉಪಕರಣಗಳ ಅಭಾವ, ರೋಗನಿರ್ಣಯದ ದೋಷ ಎಂದು ಅವುಗಳನ್ನು ವರ್ಗೀಕರಿಸಿದನು. ಸೇವಾಜ್ಯೇಷ್ಠತೆಯಿಂದಲೇ ಬಡ್ತಿ ಕೊಡುವ ಕ್ರಮವನ್ನು ಪ್ರತಿಭಟಿಸಿ ೧೯೧೪ರಲ್ಲಿ ಅವನು ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಹುದ್ದೆಯನ್ನು ಬಿಟ್ಟಿದ್ದನು. ೧೯೧೫ರ ಆರಂಭದಲ್ಲಿ ವೈದ್ಯರ ಸಭೆಯೊಂದರಲ್ಲಿ, ಮರಳಿನಲ್ಲಿ ತಲೆ ಹುದುಗಿಸಿ ಚಿನ್ನದ ಮೊಟ್ಟೆಗಳನ್ನಿಡುವ ಉಷ್ಟ್ರಪಕ್ಷಿಯ ವ್ಯಂಗ್ಯಚಿತ್ರವನ್ನು ಪ್ರದರ್ಶಿಸಿದನು. ಫಲವನ್ನು ನೋಡಲೊಲ್ಲದೆ ಹಣವನ್ನು ಮಾತ್ರ ಸ್ವೀಕರಿಸುವ ವೃತ್ತಿಬಾಂಧವರನ್ನು ಕುರಿತ ಆ ಚಿತ್ರ ದೊಡ್ಡ ಕೋಲಾಹಲವನ್ನೆಬ್ಬಿಸಿತು. ಮುಂದೆ ಅವನ ಆಸ್ಪತ್ರೆ ಮುಚ್ಚಿತು. ೧೯೪೦ರಲ್ಲಿ ಅವನು ತೀರಿಕೊಂಡನು. ಆದರೆ ಎಲ್ಲಿಯವರೆಗೆ ಎಣಿಸಬೇಕೆಂಬ ಅವನ ಪ್ರಶ್ನೆ ಅಳಿಯಲಿಲ್ಲ. ಮನೆಗೆ ಹೋದ ರೋಗಿ ಮತ್ತೆ ಬಾರದಿದ್ದರೆ ಅವನು ಗುಣಹೊಂದಿದನೆಂದು ಪುಸ್ತಕದಲ್ಲಿ ಬರೆದುಕೊಳ್ಳುವುದು ಸುಲಭ. ಅವನು ಬಾರದಿದ್ದುದು ಬಸ್ಸಿನ ಹಣವಿಲ್ಲದ್ದರಿಂದಲೋ, ಬೇರೆ ಆಸ್ಪತ್ರೆಗೆ ಹೋದುದರಿಂದಲೋ, ಸತ್ತುಹೋದುದರಿಂದಲೋ ಹುಡುಕದೆ ತಿಳಿಯದು.

೫. ಅಳತೆಗೋಲುಗಳು

ಸಿಂಪ್ಸನ್ನನಿಗೆ ಎದುರಾದ ತೊಡಕು ಗಾಯದ ತೀವ್ರತೆಯನ್ನು ಅಳೆಯುವ ಸಾಧನವಿಲ್ಲದುದು. ೧೯೭೪ರಲ್ಲಿ ಅಮೆರಿಕದ ಸೂಸನ್ ಬೇಕರ್ ಮತ್ತು ಅವರ ಸಹೋದ್ಯೋಗಿಗಳು ಇದಕ್ಕೊಂದು ಉಪಾಯವನ್ನು ಸೂಚಿಸಿದರು. ದೇಹವನ್ನು ಆರು ಭಾಗಗಳಾಗಿ ವಿಂಗಡಿಸಿ, ಗಾಯಗಳಿಗೆ ತೀವ್ರತೆಗನುಸಾರವಾಗಿ ಅಂಕಗಳನ್ನು ಕೊಟ್ಟು, ಅತ್ಯಂತ ಹೆಚ್ಚು ಗಾಯಗೊಂಡ ಮೂರು ಭಾಗಗಳ ಅಂಕಗಳ ವರ್ಗಗಳನ್ನು ಕೂಡಿಸುವುದೇ ಆ ಕ್ರಮ. ತಲೆಗೆ ೪, ಎದೆಗೆ ೩, ಕಾಲಿಗೆ ೨ ಅಂಕಗಳಾದರೆ ೧೬, ೯, ೪ ಕೂಡಿ ಒಟ್ಟು ೨೯ ಆಗುತ್ತದೆ. ಈ ಅಳತೆಯ ಗರಿಷ್ಠ ಮೊತ್ತ ೭೫. ಇದರಿಂದ ಎರಡು ಆಸ್ಪತ್ರೆಗಳ ಗಾಯಾಳುಗಳನ್ನು ಹೋಲಿಸುವಾಗ ಸಮಾನ ತೀವ್ರತೆಯವರನ್ನೇ ಹೋಲಿಸುವುದು ಸಾಧ್ಯವಾಯಿತು.

ಉಪದ್ರವಗಳ ವಿಷಯದಲ್ಲಿ ಬೇರೊಂದು ತೊಡಕಿತ್ತು. ಒಬ್ಬ ವೈದ್ಯನು ‘ಅಲ್ಪ’ವೆಂದುದು ಮತ್ತೊಬ್ಬನಿಗೆ ‘ಮಹತ್ತರ’ವೆನಿಸಬಹುದು. ಪಿಯೇರ್ ಕ್ಲಾವಿಯನ್ ಮತ್ತು ಅವರ ಸಂಗಡಿಗರು ೧೯೯೨ರಲ್ಲಿ ಸೂಚಿಸಿ ೨೦೦೪ರಲ್ಲಿ ಪರಿಷ್ಕರಿಸಿದ ವರ್ಗೀಕರಣವು ಉಪದ್ರವದ ಗಾತ್ರವನ್ನು ಅದಕ್ಕೆ ಬೇಕಾದ ಚಿಕಿತ್ಸೆಯಿಂದ ನಿರ್ಧರಿಸುತ್ತದೆ. ವಿಶೇಷ ಚಿಕಿತ್ಸೆಯಿಲ್ಲದೆ ಕಳೆದುಹೋಗುವಂಥದು ಮೊದಲನೆಯ ವರ್ಗ; ಔಷಧಿಯೋ ರಕ್ತಪೂರಣವೋ ಬೇಕಾಗುವುದು ಎರಡನೆಯದು; ಮತ್ತೆ ಶಸ್ತ್ರಕ್ರಿಯೆಯನ್ನೋ ಅದಕ್ಕೆ ಸಮೀಪವಾದ ಕ್ರಮವನ್ನೋ ಕೈಕೊಳ್ಳಬೇಕಾದುದು ಮೂರನೆಯದು; ತೀವ್ರನಿಗಾ ಘಟಕವನ್ನು ಸೇರಬೇಕಾದಷ್ಟು ಪ್ರಾಣಾಪಾಯಕರವಾದುದು ನಾಲ್ಕನೆಯದು; ಮರಣ ಐದನೆಯದು. ಅಭಿಪ್ರಾಯಕ್ಕೆ ಬದಲಾಗಿ ಕೃತಿಯನ್ನು ಆಧಾರವಾಗಿಟ್ಟುಕೊಂಡುದರಿಂದ ಇದು ಬಹು ಬೇಗ ಲೋಕವ್ಯಾಪಿಯಾಯಿತು. ಯಾವುದನ್ನು ಉಪದ್ರವವೆಂದು ಕರೆಯಬೇಕೆಂಬ ಪ್ರಶ್ನೆಗೆ ಒಂದು ಒಮ್ಮತದ ಉತ್ತರ ಹೀಗೆ ದೊರೆಯಿತು.

೬. ಯಾದೃಚ್ಛಿಕವಾದ ಹೋಲಿಕೆ

ತಿಳಿದ ಅಂತರಗಳನ್ನು ಅಳತೆಗೋಲಿನಿಂದ ಸರಿದೂಗಿಸಬಹುದು; ತಿಳಿಯದ ಅಂತರಗಳನ್ನು ಸರಿದೂಗಿಸುವುದು ಹೇಗೆ? ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಲಿಯು ಕ್ಷಯರೋಗದಲ್ಲಿ ಸ್ಟ್ರೆಪ್ಟೋಮೈಸಿನ್ ಔಷಧಿಯನ್ನು ಪರೀಕ್ಷಿಸಿ ೧೯೪೮ರಲ್ಲಿ ಪ್ರಕಟಿಸಿದ ವರದಿ ಇದಕ್ಕೆ ದಾರಿ ತೋರಿಸಿತು. ಯಾವ ರೋಗಿಗೆ ಯಾವ ಚಿಕಿತ್ಸೆಯೆಂಬುದನ್ನು ವೈದ್ಯನ ಇಚ್ಛೆಗೆ ಬಿಡದೆ, ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಗೊತ್ತುಮಾಡಿದರೆ, ಎರಡು ಗುಂಪುಗಳೂ ಮಿಕ್ಕೆಲ್ಲ ವಿಷಯಗಳಲ್ಲಿ ಸರಿಸುಮಾರಾಗಿ ಸಮನಾಗುತ್ತವೆ.

ಗಾಯಾಳುಗಳ ಚಿಕಿತ್ಸೆಯಲ್ಲಿ ಈ ಪದ್ಧತಿ ಏನನ್ನು ಬಯಲುಮಾಡಿತೆಂಬುದಕ್ಕೆ ಎರಡು ನಿದರ್ಶನಗಳು ಸಾಕು. ತಲೆಗೆ ಪೆಟ್ಟು ಬಿದ್ದವರಿಗೆ ಮಿದುಳಿನ ಊತ ಇಳಿಯಲೆಂದು ಸ್ಟೆರಾಯ್ಡ್ ಔಷಧಿಯನ್ನು ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಕೊಡುತ್ತಿದ್ದರು. ಅದು ಯುಕ್ತವೆಂದೇ ತೋರುತ್ತಿತ್ತು. ‘ಕ್ರ್ಯಾಷ್’ ಎಂಬ ಹೆಸರಿನ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ೧೦,೦೦೮ ರೋಗಿಗಳ ಗತಿಯನ್ನು ನೋಡಲಾಯಿತು. ೨೦೦೪ರಲ್ಲಿ ಪ್ರಕಟವಾದ ಫಲದಂತೆ, ಎರಡು ವಾರಗಳೊಳಗೆ ಸ್ಟೆರಾಯ್ಡ್ ಪಡೆದವರಲ್ಲಿ ನೂರಕ್ಕೆ ೨೧.೧ ಮಂದಿಯೂ, ಪಡೆಯದವರಲ್ಲಿ ೧೭.೯ ಮಂದಿಯೂ ಸತ್ತಿದ್ದರು. ಇಪ್ಪತ್ತು ಸಾವಿರ ರೋಗಿಗಳನ್ನು ಸೇರಿಸಬೇಕೆಂದಿದ್ದ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ದಶಕಗಳ ಕಾಲ ಒಳ್ಳೆಯ ಉದ್ದೇಶದಿಂದಲೇ ಕೊಟ್ಟ ಔಷಧಿ ಎಷ್ಟೋ ಮಂದಿಗೆ ಹಾನಿಯನ್ನುಂಟುಮಾಡಿತ್ತು. ಯಾವ ಒಬ್ಬ ವೈದ್ಯನಿಗೂ ತನ್ನ ವಾರ್ಡಿನಲ್ಲಿ ಅದು ಕಾಣಿಸುವಂತಿರಲಿಲ್ಲ. ಏಕೆಂದರೆ ಅಂತಹ ರೋಗಿಗಳಲ್ಲಿ ಬಹಳ ಮಂದಿ ಹೇಗೂ ಸಾಯುತ್ತಿದ್ದರು.

ಎರಡನೆಯ ನಿದರ್ಶನ ಇದಕ್ಕೆ ವಿರುದ್ಧವಾದುದು. ೨೦೧೦ರಲ್ಲಿ ಪ್ರಕಟವಾದ ‘ಕ್ರ್ಯಾಷ್-೨’ ಪರೀಕ್ಷೆಯಲ್ಲಿ ಭಾರತವೂ ಸೇರಿ ೪೦ ದೇಶಗಳ ೨೭೪ ಆಸ್ಪತ್ರೆಗಳ ೨೦,೨೧೧ ಗಾಯಾಳುಗಳಿದ್ದರು. ರಕ್ತಸ್ರಾವವನ್ನು ತಡೆಯುವ ಟ್ರಾನೆಕ್ಸಾಮಿಕ್ ಆಮ್ಲವೆಂಬ ಅಗ್ಗದ ಔಷಧಿಯನ್ನು ಪಡೆದವರಲ್ಲಿ ನೂರಕ್ಕೆ ೧೪.೫ ಮಂದಿ ಸತ್ತರೆ, ಪಡೆಯದವರಲ್ಲಿ ೧೬ ಮಂದಿ ಸತ್ತರು. ನೂರಕ್ಕೆ ಒಂದೂವರೆ ಪ್ರಾಣ ಉಳಿಯಿತೆಂದರೆ ಅಲ್ಪವೆನಿಸಬಹುದು. ರಸ್ತೆಯ ಅಪಘಾತಗಳಿಂದ ಪ್ರತಿವರ್ಷ ಸಾಯುವವರ ಸಂಖ್ಯೆಯನ್ನು ನೆನೆದರೆ ಅಲ್ಪವಲ್ಲ. ಮರುವರ್ಷದ ವಿಶ್ಲೇಷಣೆಯಿಂದ ಇನ್ನೊಂದು ಸಂಗತಿ ತಿಳಿಯಿತು. ಗಾಯವಾದ ಮೂರು ಗಂಟೆಗಳೊಳಗೆ ಕೊಟ್ಟರೆ ಔಷಧಿಯಿಂದ ಹಿತವುಂಟು. ಆಮೇಲೆ ಕೊಟ್ಟರೆ ರಕ್ತಸ್ರಾವದಿಂದಾಗುವ ಸಾವು ಹೆಚ್ಚುವಂತೆ ಕಂಡಿತು. ೨೦೧೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಅವಶ್ಯಕ ಔಷಧಿಗಳ ಪಟ್ಟಿಯಲ್ಲಿ ಸೇರಿಸಿತು.

೭. ಉಪದ್ರವವೂ ಮರಣವೂ

ಉಪದ್ರವಗಳು ಹೆಚ್ಚಿರುವ ಆಸ್ಪತ್ರೆಯಲ್ಲಿ ಸಾವುಗಳೂ ಹೆಚ್ಚಿರುವುವೆಂದು ಸಹಜವಾಗಿ ಭಾವಿಸುತ್ತೇವೆ. ೨೦೦೯ರಲ್ಲಿ ಅಮೆರಿಕದ ಘಫೇರಿ, ಬರ್ಕ್‌ಮೇಯರ್ ಮತ್ತು ಡಿಮಿಕ್ ಎಂಬ ವಿದ್ವಾಂಸರು ಪ್ರಕಟಿಸಿದ ಅಧ್ಯಯನ ಈ ಭಾವನೆಯನ್ನು ಅಲುಗಿಸಿತು. ೮೪,೭೩೦ ಶಸ್ತ್ರಕ್ರಿಯಾ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದಾಗ, ಸಾವು ಅತಿ ಕಡಿಮೆಯಿದ್ದ ಆಸ್ಪತ್ರೆಗಳಲ್ಲಿಯೂ ಅತಿ ಹೆಚ್ಚಿದ್ದ ಆಸ್ಪತ್ರೆಗಳಲ್ಲಿಯೂ ಉಪದ್ರವಗಳ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು. ಮೊದಲಿನವುಗಳಲ್ಲಿ ನೂರಕ್ಕೆ ೨೪.೬, ಎರಡನೆಯವುಗಳಲ್ಲಿ ೨೬.೯. ಭೇದವಿದ್ದುದು ಅನಂತರದ ಹಂತದಲ್ಲಿ. ಮಹತ್ತರ ಉಪದ್ರವಕ್ಕೆ ಗುರಿಯಾದವರಲ್ಲಿ ಮೊದಲಿನ ಬಗೆಯ ಆಸ್ಪತ್ರೆಗಳಲ್ಲಿ ನೂರಕ್ಕೆ ೧೨.೫ ಮಂದಿ ಸತ್ತರೆ, ಎರಡನೆಯ ಬಗೆಯವುಗಳಲ್ಲಿ ೨೧.೪ ಮಂದಿ ಸತ್ತರು. ರಾತ್ರಿ ಎರಡು ಗಂಟೆಗೆ ರೋಗಿಯ ನಾಡಿ ಏರಿದುದನ್ನು ದಾದಿ ಕಂಡಳೇ, ಕಂಡು ವೈದ್ಯನನ್ನು ಕರೆದಳೇ, ಕರೆದಾಗ ಅವನು ಬಂದನೇ ಎಂಬಂತಹ ಸಂಗತಿಗಳ ಮೇಲೆ ಪ್ರಾಣ ನಿಂತಿರುತ್ತದೆಂಬುದು ಇದರಿಂದ ಹೊಳೆಯುವ ಅರ್ಥ.

ಒಳ್ಳೆಯ ಫಲವನ್ನು ಕೊಟ್ಟ ಕ್ರಮವೊಂದನ್ನು ಬೇರೆಡೆಗೆ ಒಯ್ಯುವಾಗಲೂ ಎಚ್ಚರ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ಹೊಸದಿಲ್ಲಿಯೂ ಸೇರಿದಂತೆ ಎಂಟು ನಗರಗಳ ಎಂಟು ಆಸ್ಪತ್ರೆಗಳು, ಶಸ್ತ್ರಕ್ರಿಯೆಗೆ ಮುನ್ನವೂ ಮುಗಿಸುವಾಗಲೂ ಎಲ್ಲರೂ ಕೇಳುವಂತೆ ಓದಿ ಖಚಿತಪಡಿಸಿಕೊಳ್ಳಬೇಕಾದ ಒಂದು ತಪಾಸಣಾಪಟ್ಟಿಯನ್ನು ಪ್ರಯೋಗಿಸಿದುವು. ೨೦೦೯ರ ವರದಿಯಂತೆ ಸಾವು ನೂರಕ್ಕೆ ೧.೫ರಿಂದ ೦.೮ಕ್ಕೂ, ಉಪದ್ರವಗಳು ೧೧ರಿಂದ ೭ಕ್ಕೂ ಇಳಿದುವು. ಆದರೆ ಕೆನಡಾದ ಆಂಟೇರಿಯೊ ಪ್ರಾಂತದ ೧೦೧ ಆಸ್ಪತ್ರೆಗಳಲ್ಲಿ ಅದೇ ಬಗೆಯ ಪಟ್ಟಿಗಳು ಜಾರಿಗೆ ಬಂದಾಗ ಸಾವು ೦.೭೧ರಿಂದ ೦.೬೫ಕ್ಕೆ ಮಾತ್ರ ಇಳಿಯಿತೆಂದೂ, ಅದು ಗಣನೀಯ ಅಂತರವಲ್ಲವೆಂದೂ ೨೦೧೪ರಲ್ಲಿ ವರದಿಯಾಯಿತು. ಪಟ್ಟಿಯನ್ನು ಮನಸ್ಸಿಟ್ಟು ಓದುವುದಕ್ಕೂ ಗುರುತು ಹಾಕಿ ಮುಗಿಸುವುದಕ್ಕೂ ಇರುವ ಭೇದ ಇದಕ್ಕೆ ಕಾರಣವೆಂದು ಕೆಲವರು, ಮೊದಲೇ ಸ್ಥಿತಿ ಉತ್ತಮವಾಗಿದ್ದುದು ಕಾರಣವೆಂದು ಕೆಲವರು ವಾದಿಸಿದ್ದಾರೆ. ಎರಡು ಅಧ್ಯಯನಗಳೂ ಮುನ್ನಿನ ಸ್ಥಿತಿಯನ್ನು ಅನಂತರದ ಸ್ಥಿತಿಯೊಡನೆ ಹೋಲಿಸಿದುವೇ ಆದುದರಿಂದ, ಲಿಸ್ಟರನ ಅಂಕಿಗಳ ಬಗೆಗೆ ಹೇಳಿದ ಮಾತು ಇವೆರಡಕ್ಕೂ ಅನ್ವಯಿಸುತ್ತದೆ.

ಉಪಸಂಹಾರ

ಈವರೆಗಿನ ವಿವೇಚನೆಯಿಂದ ನಾಲ್ಕು ಪ್ರಶ್ನೆಗಳು ಸ್ಪಷ್ಟವಾಗುತ್ತವೆ. ಎಣಿಕೆಯಲ್ಲಿ ಯಾರು ಸೇರಿದ್ದಾರೆ? ಯಾವುದನ್ನು ಉಪದ್ರವವೆಂದು ಕರೆಯಲಾಗಿದೆ? ಎಷ್ಟು ದಿನಗಳವರೆಗೆ ರೋಗಿಯನ್ನು ಹಿಂಬಾಲಿಸಲಾಗಿದೆ? ಯಾರೊಡನೆ ಹೋಲಿಸಲಾಗಿದೆ? ಇವುಗಳಲ್ಲಿ ಒಂದಕ್ಕಾದರೂ ಉತ್ತರವಿಲ್ಲದ ಅಂಕಿ, ಅದು ಎಷ್ಟೇ ದೊಡ್ಡದಾಗಿರಲಿ, ಅರ್ಧ ಸಾಕ್ಷಿ ಮಾತ್ರ. ಮಾಲ್ಗೆನ್ನನಿಂದ ಇಂದಿನ ಮಹಾಪರೀಕ್ಷೆಗಳವರೆಗೆ ನಡೆದುಬಂದ ಕಾರ್ಯವನ್ನು ಈ ಪ್ರಶ್ನೆಗಳನ್ನು ಒಂದೊಂದಾಗಿ ಕಂಡುಕೊಂಡ ಇತಿಹಾಸವೆಂದೇ ಹೇಳಬಹುದು.

ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಈ ಜ್ಞಾನವೆಲ್ಲ ನಿಂತಿರುವುದು ವಾರ್ಡಿನಲ್ಲಿ ಪ್ರತಿದಿನ ಬರೆಯುವ ಸಾಮಾನ್ಯ ದಾಖಲೆಯ ಮೇಲೆ. ದಾಖಲೆ ಅಪೂರ್ಣವಾದರೆ ಅದರ ಮೇಲೆ ಎಷ್ಟೇ ಸೂಕ್ಷ್ಮವಾದ ಗಣಿತವನ್ನು ಪ್ರಯೋಗಿಸಿದರೂ ಫಲ ಅಪೂರ್ಣವೇ. ತಪ್ಪನ್ನು ಬರೆದವನಿಗೆ ಶಿಕ್ಷೆಯೂ ಮುಚ್ಚಿಟ್ಟವನಿಗೆ ಬಡ್ತಿಯೂ ದೊರೆಯುವ ಕಡೆ ಪ್ರಾಮಾಣಿಕವಾದ ದಾಖಲೆಯನ್ನು ನಿರೀಕ್ಷಿಸಲಾಗದೆಂಬುದಕ್ಕೆ ಕಾಡ್ಮನ್ನನ ಜೀವನವೇ ಸಾಕ್ಷಿ. ವೈದ್ಯಕೀಯ ಕಾಲೇಜುಗಳಲ್ಲಿ ದಾಖಲೆ ಬರೆಯುವ ಶಿಕ್ಷಣವನ್ನು ಶಸ್ತ್ರ ಹಿಡಿಯುವ ಶಿಕ್ಷಣಕ್ಕೆ ಸಮನಾಗಿ ಕಾಣುವುದೂ, ಇತಿಹಾಸದ ಮತ್ತು ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಹಳೆಯ ಆಸ್ಪತ್ರೆಗಳ ದಾಖಲೆಪುಸ್ತಕಗಳನ್ನು ಕಸವೆಂದು ಬಿಸುಡಗೊಡದೆ ಪರಿಶೀಲನೆಗೆ ಎತ್ತಿಕೊಳ್ಳುವುದೂ ಉಚಿತವಾದ ಕಾರ್ಯವೆಂದು ಭಾವಿಸುತ್ತೇನೆ.